ಸಂಬಳ ಒಂದೇ ಅಲ್ಲ: ನರ್ಸ್‌ಗಳ ಕೆಲಸದ ತೃಪ್ತಿ ಮತ್ತು 'ಮಾನಸಿಕ ಸಬಲೀಕರಣ'

ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದವರಿಗೆ ಇದು ಗೊತ್ತಿರುತ್ತದೆ. ಡಾಕ್ಟರು ಬೆಳಿಗ್ಗೆ ರೌಂಡ್ಸಿಗೆ ಬಂದು ಐದು ನಿಮಿಷ ನಿಂತು ಹೋಗುತ್ತಾರೆ. ಉಳಿದ ಹೊತ್ತೆಲ್ಲ ನೋಡಿಕೊಳ್ಳುವುದು ಸಿಸ್ಟರ್‌ಗಳೇ. ಡ್ರಿಪ್ ಮುಗಿದರೆ ಸಿಸ್ಟರ್, ನೋವು ಬಂದರೆ ಸಿಸ್ಟರ್, ಬಿಲ್ ಅರ್ಥವಾಗದಿದ್ದರೂ ಸಿಸ್ಟರ್. ಆ ಸಿಸ್ಟರ್‌ಗೆ ತನ್ನ ಕೆಲಸ ಹೇಗನ್ನಿಸುತ್ತಿದೆ ಅಂತ ಕೇಳಿದವರು ಕಡಿಮೆ.

ಈಗ ಕೇಳದೆ ವಿಧಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಮೇ ತಿಂಗಳಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 2.98 ಕೋಟಿ ನರ್ಸ್‌ಗಳಿದ್ದಾರೆ. ಇನ್ನೂ 58 ಲಕ್ಷ ಮಂದಿ ಬೇಕು. ಇರುವವರಲ್ಲಿ ಏಳರಲ್ಲಿ ಒಬ್ಬರು ಹುಟ್ಟಿದ ದೇಶ ಬಿಟ್ಟು ಬೇರೆ ಕಡೆ ದುಡಿಯುತ್ತಿದ್ದಾರೆ. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರು ಗಲ್ಫ್‌ನಲ್ಲೂ ಸಿಗುತ್ತಾರೆ, ಬ್ರಿಟನ್, ಐರ್ಲೆಂಡ್‌ನಲ್ಲೂ ಸಿಗುತ್ತಾರೆ. 'ಸಂಬಳಕ್ಕೆ ಹೋಗ್ತಾರೆ ಬಿಡಿ' ಅನ್ನುವುದು ಸುಲಭ. ಅದು ನಿಜವೂ ಹೌದು, ಆದರೆ ಅರ್ಧ ನಿಜ. ಒಂದೇ ಊರಿನಲ್ಲಿ, ಹೆಚ್ಚುಕಡಿಮೆ ಅಷ್ಟೇ ಸಂಬಳ ಕೊಡುವ ಎರಡು ಆಸ್ಪತ್ರೆಗಳಿದ್ದರೂ ಒಂದರಲ್ಲಿ ನರ್ಸ್‌ಗಳು ನಿಲ್ಲುತ್ತಾರೆ, ಇನ್ನೊಂದರಲ್ಲಿ ನಿಲ್ಲುವುದಿಲ್ಲ. ಯಾಕೆ ಹೀಗೆ? ಸಂಶೋಧಕರು ಮೂವತ್ತು ನಲವತ್ತು ವರ್ಷದಿಂದ ಇದನ್ನೇ ಹುಡುಕುತ್ತಿದ್ದಾರೆ. ಅವರ ಉತ್ತರದಲ್ಲಿ ಮತ್ತೆ ಮತ್ತೆ ಬರುವ ಹೆಸರು ಮಾನಸಿಕ ಸಬಲೀಕರಣ.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ

ಕೆಲಸದ ತೃಪ್ತಿ ಅಂದರೆ ತನ್ನ ಕೆಲಸದ ಬಗ್ಗೆ ಒಬ್ಬರಿಗೆ ಒಟ್ಟಾರೆ ಏನನ್ನಿಸುತ್ತದೆ ಅನ್ನುವುದು. ಅದರೊಳಗೆ ಸಂಬಳವಿದೆ, ಶಿಫ್ಟ್ ಇದೆ, ಜೊತೆಯಲ್ಲಿ ಕೆಲಸ ಮಾಡುವವರಿದ್ದಾರೆ, ಇನ್‌ಚಾರ್ಜ್ ಸಿಸ್ಟರ್ ಇದ್ದಾರೆ, ಬಡ್ತಿ ಇದೆ, ಒಂದು ಒಳ್ಳೆ ಮಾತೂ ಇದೆ. ಇದನ್ನು ಅಳೆಯಲು ನರ್ಸ್‌ಗಳಿಗಾಗಿಯೇ ಮಾಡಿದ ಪ್ರಶ್ನಾವಳಿಗಳಿವೆ. 1990ರಲ್ಲಿ ಅಮೆರಿಕದಲ್ಲಿ ಬಂದ ಮೆಕ್‌ಕ್ಲಾಸ್ಕಿ–ಮ್ಯುಲ್ಲರ್ ಪ್ರಶ್ನಾವಳಿಯಲ್ಲಿ 31 ಪ್ರಶ್ನೆಗಳಿವೆ. ಸಂಬಳ, ರಜೆಯಿಂದ ಹಿಡಿದು ವಾರಾಂತ್ಯದ ಡ್ಯೂಟಿಯವರೆಗೆ ಅದು ಕೇಳುತ್ತದೆ.

ಮಾನಸಿಕ ಸಬಲೀಕರಣ ಸ್ವಲ್ಪ ಸೂಕ್ಷ್ಮ. ಒಬ್ಬರ ಕೈಗೆ ಅಧಿಕಾರ ಕೊಡುವುದು ಒಂದು. ಆ ಅಧಿಕಾರ ತನಗಿದೆ ಅಂತ ಅವರಿಗೆ ಒಳಗಿಂದ ಅನ್ನಿಸುವುದು ಇನ್ನೊಂದು. ಸುತ್ತೋಲೆ ಹೊರಡಿಸಿದರೆ ಮೊದಲನೆಯದು ಆಗಿಬಿಡುತ್ತದೆ. ಎರಡನೆಯದು ಹಾಗೆ ಬರುವುದಿಲ್ಲ. ಈ ವ್ಯತ್ಯಾಸವನ್ನು 1988ರಲ್ಲಿ ಕಾಂಗರ್ ಮತ್ತು ಕಾನುಂಗೊ ಎಂಬ ಇಬ್ಬರು ಎತ್ತಿ ತೋರಿಸಿದರು. 1990ರಲ್ಲಿ ಥಾಮಸ್ ಮತ್ತು ವೆಲ್ಟ್‌ಹೌಸ್ ಅದನ್ನು ನಾಲ್ಕು ಭಾಗವಾಗಿ ಬಿಡಿಸಿದರು. 1995ರಲ್ಲಿ ಗ್ರೆಚೆನ್ ಸ್ಪ್ರೈಟ್ಜರ್ ಎಂಬ ಅಮೆರಿಕದ ಸಂಶೋಧಕಿ ಅದನ್ನು ಅಳೆಯಲು 12 ವಾಕ್ಯಗಳ ಪುಟ್ಟ ಪ್ರಶ್ನಾವಳಿ ಮಾಡಿದರು. ಪ್ರತಿ ಭಾಗಕ್ಕೆ ಮೂರು ವಾಕ್ಯ, ಪ್ರತಿ ವಾಕ್ಯಕ್ಕೆ 1ರಿಂದ 7ರವರೆಗೆ ಅಂಕ. ಇವತ್ತಿಗೂ ನರ್ಸ್‌ಗಳ ಮೇಲಿನ ಅಧ್ಯಯನಗಳಲ್ಲಿ ಜಾಸ್ತಿ ಬಳಕೆಯಾಗುವುದು ಇದೇ.

ಆ ನಾಲ್ಕು ಯಾವುವು?

ಮೊದಲನೆಯದು ಅರ್ಥ. ನಾನು ಮಾಡುವ ಕೆಲಸಕ್ಕೆ ಬೆಲೆಯಿದೆ, ಇದು ನನಗೆ ಮುಖ್ಯ ಅನ್ನುವ ಭಾವನೆ. ನರ್ಸ್‌ಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಕೊರತೆಯಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಹೆಚ್ಚಾಗಿ ಅತಿ ಹೆಚ್ಚು ಅಂಕ ಬೀಳುವುದು ಇದಕ್ಕೇ. ಉಸಿರು ಕಟ್ಟುತ್ತಿದ್ದ ಮನುಷ್ಯ ಮೂರನೇ ದಿನ ಎದ್ದು ಕೂತು ಕಾಫಿ ಕೇಳಿದರೆ, ತನ್ನ ಕೆಲಸ ಯಾಕೆ ಬೇಕು ಅಂತ ನರ್ಸ್‌ಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಎರಡನೆಯದು ಸಾಮರ್ಥ್ಯ. ಈ ಕೆಲಸ ನನಗೆ ಬರುತ್ತದೆ ಅನ್ನುವ ಧೈರ್ಯ. ಸಿಗದ ರಕ್ತನಾಳದಲ್ಲಿ ಕ್ಯಾನುಲಾ ಹಾಕುವುದು, ವೆಂಟಿಲೇಟರ್ ಅಲಾರಂ ಹೊಡೆದಾಗ ಗಾಬರಿಯಾಗದಿರುವುದು, ಮಗುವಿಗೆ ಔಷಧದ ಪ್ರಮಾಣ ಲೆಕ್ಕ ಹಾಕುವುದು. ಇದು ಓದಿನಿಂದ ಸ್ವಲ್ಪ, ಅನುಭವದಿಂದ ಜಾಸ್ತಿ ಬರುತ್ತದೆ. ಹೊಸದಾಗಿ ಸೇರಿದವರನ್ನು ಎರಡನೇ ವಾರಕ್ಕೇ ಐಸಿಯುಗೆ ಹಾಕಿದರೆ ಇದು ಕುಸಿಯುತ್ತದೆ.

ಮೂರನೆಯದು ಸ್ವಂತ ನಿರ್ಧಾರ. ಕೆಲಸವನ್ನು ಯಾವಾಗ, ಹೇಗೆ, ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದರಲ್ಲಿ ನನಗೂ ಮಾತಿದೆ ಅನ್ನುವುದು. ಯಾರಿಗೆ ಮೊದಲು ಡ್ರೆಸ್ಸಿಂಗ್ ಮಾಡಬೇಕು, ಯಾರನ್ನು ಮಲಗಲು ಬಿಡಬೇಕು ಅಂತ ವಾರ್ಡಿನಲ್ಲಿ ನಿಂತವರಿಗೇ ಗೊತ್ತು. ಇಷ್ಟಕ್ಕೂ ಮೇಲಿನಿಂದ ಹೇಳಿಸಿಕೊಳ್ಳಬೇಕು ಅಂದರೆ ಹತ್ತು ವರ್ಷದ ಅನುಭವವೂ ಸುಮ್ನೆ ಕೂತಿರುತ್ತದೆ.

ನಾಲ್ಕನೆಯದು ಪರಿಣಾಮ. ನಾನು ಹೇಳಿದ್ದರಿಂದ, ಮಾಡಿದ್ದರಿಂದ ಈ ವಾರ್ಡಿನಲ್ಲಿ ಏನಾದರೂ ಬದಲಾಗುತ್ತದೆಯೇ ಅನ್ನುವ ಪ್ರಶ್ನೆ. ನಾಲ್ಕರಲ್ಲಿ ಇದು ಎಷ್ಟೋ ಅಧ್ಯಯನಗಳಲ್ಲಿ ಕೊನೆಯ ಸ್ಥಾನದಲ್ಲಿರುತ್ತದೆ.

ಇಲ್ಲೊಂದು ಸಂಗತಿ ಗಮನಿಸಿ. ಮೊದಲ ಎರಡನ್ನು ನರ್ಸ್‌ಗಳು ಬಹುಪಾಲು ತಾವೇ ಹೊತ್ತು ತರುತ್ತಾರೆ. ಕೊನೆಯ ಎರಡು ಇರುವುದು ಆಸ್ಪತ್ರೆಯ ಕೈಯಲ್ಲಿ. ಈ ವಿಷಯದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ.

ರಾತ್ರಿ ಎರಡು ಗಂಟೆ, ಸರ್ಜಿಕಲ್ ವಾರ್ಡ್

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಿಂದಿನ ದಿನ ಹೊಟ್ಟೆಯ ಆಪರೇಷನ್ ಆದ ರೋಗಿ ಒಬ್ಬರಿದ್ದಾರೆ ಅಂದುಕೊಳ್ಳಿ. ಸಂಜೆ ಮಾತಾಡುತ್ತಿದ್ದರು. ರಾತ್ರಿ ಎರಡಕ್ಕೆ ನರ್ಸ್ ನೋಡಿದಾಗ ಉಸಿರಾಟ ನಿಮಿಷಕ್ಕೆ 26, ನಾಡಿ 118, ರಕ್ತದ ಆಮ್ಲಜನಕ ಶೇ 94, ಮೇಲಿನ ಬಿಪಿ 104, ಜ್ವರ 38.2 ಡಿಗ್ರಿ ಸೆಲ್ಸಿಯಸ್. ಪ್ರಜ್ಞೆ ಸರಿಯಿದೆ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಯಾವುದೂ ಭಯಂಕರ ಅನ್ನಿಸುವುದಿಲ್ಲ. ಆದರೆ ನರ್ಸ್‌ಗೆ ಏನೋ ಸರಿಯಿಲ್ಲ ಅನ್ನಿಸುತ್ತಿದೆ.

ಒಂದು ಬಗೆಯ ಆಸ್ಪತ್ರೆಯಲ್ಲಿ ಅವರು ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡುತ್ತಾರೆ. 'ಅಬ್ಸರ್ವ್ ಮಾಡಿ ಸಿಸ್ಟರ್, ಬೆಳಿಗ್ಗೆ ನೋಡೋಣ' ಅನ್ನುವ ಉತ್ತರ ಬಂದರೆ ಅಲ್ಲಿಗೆ ಮುಗಿಯಿತು. ಇನ್ನೊಮ್ಮೆ ಫೋನ್ ಮಾಡಿದರೆ ಬೈಗುಳ. ಹಿರಿಯ ಡಾಕ್ಟರನ್ನು ಎಬ್ಬಿಸಿದರೆ 'ಯಾರನ್ನು ಕೇಳಿ ಮಾಡಿದ್ರಿ' ಅನ್ನುವ ಪ್ರಶ್ನೆ. ಅವರು ಕೇಸ್ ಶೀಟಿನಲ್ಲಿ ಸಮಯ ಬರೆದು, ಪ್ರತಿ ಹದಿನೈದು ನಿಮಿಷಕ್ಕೆ ಹೋಗಿ ನೋಡುತ್ತಾ ಬೆಳಕಾಗುವುದನ್ನು ಕಾಯುತ್ತಾರೆ.

ಇನ್ನೊಂದು ಬಗೆಯ ಆಸ್ಪತ್ರೆಯಲ್ಲಿ ಗೋಡೆ ಮೇಲೆ ಒಂದು ಪಟ್ಟಿ ಇರುತ್ತದೆ. ಬ್ರಿಟನ್‌ನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ಮುನ್ನೆಚ್ಚರಿಕೆ ಅಂಕಪಟ್ಟಿ ಅದು. ಭಾರತದ ಕೆಲವು ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ಅದರ ಲೆಕ್ಕದಲ್ಲಿ ಉಸಿರಾಟ 26 ಅಂದರೆ 3 ಅಂಕ. ನಾಡಿ 118 ಅಂದರೆ 2. ಆಮ್ಲಜನಕ, ಬಿಪಿ, ಜ್ವರ ಒಂದೊಂದಕ್ಕೆ 1. ಒಟ್ಟು 8. ಅಂಕ 7 ದಾಟಿದರೆ, ಅಷ್ಟೇ ಯಾಕೆ 7 ಮುಟ್ಟಿದರೂ, ಅದು ತುರ್ತು ಸ್ಥಿತಿ. ತುರ್ತು ತಂಡವನ್ನು ಕರೆಯಲು ನರ್ಸ್ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ ಅಂತ ಆ ಆಸ್ಪತ್ರೆಯ ನಿಯಮವೇ ಹೇಳುತ್ತದೆ.

ಇಂಥ ತುರ್ತು ತಂಡದ ಪದ್ಧತಿ ಶುರುವಾದದ್ದು 1990ರಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ. ತಂಡವನ್ನು ಯಾವಾಗ ಕರೆಯಬಹುದು ಅನ್ನುವ ಪಟ್ಟಿಯಲ್ಲಿ ನಾಡಿ, ಬಿಪಿಯ ಜೊತೆಗೆ ಇನ್ನೊಂದು ಕಾರಣವೂ ಸೇರಿತು: ಸಿಬ್ಬಂದಿಗೆ ರೋಗಿಯ ಬಗ್ಗೆ ಆತಂಕವಾಗಿದೆ. ಅಷ್ಟೇ. ಕಾರಣ ಸಾಬೀತು ಮಾಡಬೇಕಾಗಿಲ್ಲ. ಹತ್ತು ವರ್ಷ ರೋಗಿಗಳನ್ನು ನೋಡಿದ ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸಿದರೆ ಅದಕ್ಕೂ ಒಂದು ತೂಕವಿದೆ ಅಂತ ಬರವಣಿಗೆಯಲ್ಲೇ ಒಪ್ಪಿಕೊಂಡಂತಾಯಿತು.

ಎರಡೂ ಕಡೆ ನರ್ಸ್ ಅದೇ. ಓದು ಅದೇ, ರೋಗಿಯ ಮೇಲಿನ ಕಾಳಜಿಯೂ ಅದೇ. ಮೊದಲ ಕಡೆ ಸ್ವಂತ ನಿರ್ಧಾರವೂ ಇಲ್ಲ, ಪರಿಣಾಮವೂ ಇಲ್ಲ. ಬೆಳಿಗ್ಗೆ ಏಳೂವರೆಗೆ ಹ್ಯಾಂಡೋವರ್ ಕೊಟ್ಟು ಮನೆಗೆ ಹೋಗುವಾಗ ಆ ಇಬ್ಬರಿಗೆ ತಮ್ಮ ಕೆಲಸದ ಬಗ್ಗೆ ಅನ್ನಿಸುವುದು ಒಂದೇ ಆಗಿರಲು ಸಾಧ್ಯವೇ ಇಲ್ಲ, ಅಲ್ವಾ?

ಉಗ್ರಾಣದ ಕೀಲಿ ಯಾರ ಹತ್ತಿರ?

ಮದುವೆ ಮನೆಯ ಅಡುಗೆ ಭಟ್ಟರನ್ನು ನೆನೆಸಿಕೊಳ್ಳಿ. ಕೈರುಚಿ ಊರಿಗೆಲ್ಲ ಗೊತ್ತು. ಆದರೆ ಉಗ್ರಾಣದ ಕೀಲಿ ಇನ್ಯಾರದೋ ಸೊಂಟದಲ್ಲಿದೆ. ಎರಡು ತೆಂಗಿನಕಾಯಿ ಬೇಕಾದರೂ ಅವರನ್ನು ಹುಡುಕಿಕೊಂಡು ಹೋಗಬೇಕು. ಎಷ್ಟು ಜನ ಊಟಕ್ಕೆ ಬರುತ್ತಾರೆ ಅಂತ ಯಾರೂ ಹೇಳಿಲ್ಲ. ಸಾರು ಕಡಿಮೆಯಾದರೆ ಮಾತ್ರ ಬೈಸಿಕೊಳ್ಳುವವರು ಭಟ್ಟರೇ. ಇಂಥವರಿಗೆ 'ಆತ್ಮವಿಶ್ವಾಸ ಬೆಳೆಸಿಕೊಳ್ಳಿ' ಅಂತ ಭಾಷಣ ಮಾಡಿದರೆ ಏನು ಬಂತು?

ಈ ಕೀಲಿಯ ವಿಚಾರವನ್ನು ಸಿದ್ಧಾಂತವಾಗಿ ಕಟ್ಟಿದವರು ಅಮೆರಿಕದ ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್. 1977ರಲ್ಲಿ ಒಂದು ದೊಡ್ಡ ಕಂಪನಿಯನ್ನು ಅಧ್ಯಯನ ಮಾಡಿ ಅವರು ಹೇಳಿದ್ದು ಇಷ್ಟು: ಜನ ಕೆಲಸದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದು ಅವರ ಸ್ವಭಾವಕ್ಕಿಂತ ಹೆಚ್ಚಾಗಿ ಅವರು ನಿಂತಿರುವ ಜಾಗದ ಮೇಲೆ ಹೋಗುತ್ತದೆ. ಮಾಹಿತಿ ಸಿಗುತ್ತದೆಯೇ, ಬೆಂಬಲ ಇದೆಯೇ, ಬೇಕಾದ ಸಾಮಾನು ಮತ್ತು ಸಮಯ ಇದೆಯೇ, ಬೆಳೆಯಲು ಅವಕಾಶ ಇದೆಯೇ? ಇದಕ್ಕೆ ರಚನಾತ್ಮಕ ಸಬಲೀಕರಣ ಅನ್ನುತ್ತಾರೆ. ಹೆಸರು ಭಾರ, ವಿಷಯ ಸರಳ. ಕೀಲಿ ಕೊಟ್ಟಿದ್ದೀರಾ ಇಲ್ಲವಾ ಅನ್ನುವುದೇ ಪ್ರಶ್ನೆ.

ಇದನ್ನು ನರ್ಸ್‌ಗಳ ಲೋಕಕ್ಕೆ ತಂದವರು ಕೆನಡಾದ ಹೆದರ್ ಲ್ಯಾಶಿಂಗರ್. ಆಂಟೇರಿಯೊ ಪ್ರಾಂತ್ಯದ ಆಸ್ಪತ್ರೆಗಳ ನರ್ಸ್‌ಗಳನ್ನು ಅಧ್ಯಯನ ಮಾಡಿ 2001ರಲ್ಲಿ ಅವರ ತಂಡ ಒಂದು ಸರಪಳಿ ತೋರಿಸಿತು. ಆಸ್ಪತ್ರೆಯ ವ್ಯವಸ್ಥೆ ಚೆನ್ನಾಗಿದ್ದರೆ ಆ ನಾಲ್ಕು ಭಾವನೆಗಳು ಬಲವಾಗುತ್ತವೆ. ಅವು ಬಲವಾದರೆ ಒತ್ತಡ ಕಡಿಮೆ, ತೃಪ್ತಿ ಜಾಸ್ತಿ.

ಕುತೂಹಲದ ವಿಷಯ ಬಂದದ್ದು ಆಮೇಲೆ. ಅದೇ ತಂಡ ಮೂರು ವರ್ಷದ ಅಂತರದಲ್ಲಿ ಅದೇ ನರ್ಸ್‌ಗಳನ್ನು ಮತ್ತೆ ಕೇಳಿ, 2004ರಲ್ಲಿ ಫಲಿತಾಂಶ ಪ್ರಕಟಿಸಿತು. ವ್ಯವಸ್ಥೆ ಸುಧಾರಿಸಿದೆ ಅಂತ ಅನ್ನಿಸಿದ ಕಡೆ ಭಾವನೆಯೂ ಸುಧಾರಿಸಿತ್ತು, ತೃಪ್ತಿಯೂ ಏರಿತ್ತು. ಆದರೆ ತೃಪ್ತಿ ಯಾಕೆ ಏರಿತು ಅಂತ ವಿವರಿಸಲು ವ್ಯವಸ್ಥೆಯ ಬದಲಾವಣೆಯೇ ಸಾಕಿತ್ತು. ಭಾವನೆಯ ಬದಲಾವಣೆ ಅದಕ್ಕೆ ಹೆಚ್ಚಿನದೇನನ್ನೂ ಸೇರಿಸಲಿಲ್ಲ. ಆಸ್ಪತ್ರೆಯಲ್ಲಿ ಒಂದು ದಿನದ 'ಮೋಟಿವೇಷನ್' ಶಿಬಿರ ಇಟ್ಟು ಕೈತೊಳೆದುಕೊಳ್ಳುವವರು ಈ ಫಲಿತಾಂಶವನ್ನು ಓದಿದರೆ ಒಳ್ಳೆಯದು.

ಪದನಾಮ ಬದಲಾಯಿಸುವುದನ್ನೂ ಇದೇ ಅಳತೆಯಲ್ಲಿ ನೋಡಬಹುದು. ಕೇಂದ್ರ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಈಗ ನರ್ಸಿಂಗ್ ಆಫೀಸರ್. ಗೌರವ ಹೆಚ್ಚಿತು, ಸಂತೋಷ. ಆದರೆ ಬೇಕು ಅಂತ ಉಗ್ರಾಣಕ್ಕೆ ಬರೆದು ಕಳಿಸಿದ ಗ್ಲೌಸ್ ಸಮಯಕ್ಕೆ ಬರುತ್ತದೆಯೇ, ಡ್ಯೂಟಿ ಪಟ್ಟಿ ಮಾಡುವಾಗ ಯಾರಾದರೂ ಅವರನ್ನು ಕೇಳುತ್ತಾರೆಯೇ ಅನ್ನುವುದು ಬೇರೆಯೇ ಮಾತು.

ಹಾಗಾದರೆ ಸಂಬಳ ಮುಖ್ಯ ಅಲ್ಲವೇ?

ಮುಖ್ಯವೇ. 1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು ಒಂದು ವಾದ ಮುಂದಿಟ್ಟರು. ಸಂಬಳ, ಭದ್ರತೆ, ಕೆಲಸದ ಜಾಗದ ಅನುಕೂಲ ಇವು ಕೆಟ್ಟದಾಗಿದ್ದರೆ ಅಸಮಾಧಾನ ಹುಟ್ಟುತ್ತದೆ. ಇವನ್ನು ಸರಿ ಮಾಡಿದರೆ ಅಸಮಾಧಾನ ಹೋಗುತ್ತದೆ, ಆದರೆ ತೃಪ್ತಿ ತಾನಾಗಿ ಬರುವುದಿಲ್ಲ. ತೃಪ್ತಿ ಬರುವುದು ಕೆಲಸದ ಒಳಗಿನಿಂದ: ಸಾಧನೆ, ಜವಾಬ್ದಾರಿ, ಮನ್ನಣೆ. ಈ ವಾದಕ್ಕೆ ಟೀಕೆಗಳೂ ಇವೆ. ಎರಡನ್ನೂ ಇಷ್ಟು ಅಚ್ಚುಕಟ್ಟಾಗಿ ಬೇರೆ ಮಾಡಲು ಆಗುವುದಿಲ್ಲ ಅಂತ ಅನೇಕರು ತೋರಿಸಿದ್ದಾರೆ. ಆದರೂ ಸಂಬಳ ತಳಪಾಯ, ಮನೆಯೇ ಬೇರೆ ಅನ್ನುವಷ್ಟು ಮಟ್ಟಿಗೆ ಅದು ಉಪಯೋಗಕ್ಕೆ ಬರುತ್ತದೆ.

ನಮ್ಮಲ್ಲಿ ಆ ತಳಪಾಯವೇ ಎಷ್ಟೋ ಕಡೆ ಗಟ್ಟಿಯಿಲ್ಲ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳ ಮತ್ತು ಪರಿಸ್ಥಿತಿ ನೋಡಲು ಸಮಿತಿ ಮಾಡಿ ಅಂತ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೇಂದ್ರಕ್ಕೆ ಹೇಳಿತು. ಆ ಸಮಿತಿಯ ಶಿಫಾರಸು ಹೀಗಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ. 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ 10ರಷ್ಟು, 50ರಿಂದ 100 ಇದ್ದರೆ ಶೇ 25ರಷ್ಟು ಮಾತ್ರ ಕಡಿಮೆ ಇರಬಹುದು. 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಇಳಿಯಬಾರದು. ಜಾರಿ ಮಾಡುವ ಕೆಲಸ ರಾಜ್ಯಗಳ ಪಾಲಿಗೆ ಬಂತು. ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದು ಹೋರಾಡಿದ ಮೇಲೆ 2018ರಲ್ಲಿ 20,000 ರೂಪಾಯಿಯ ಕನಿಷ್ಠ ವೇತನದ ಆದೇಶ ಬಂತು.

ಒಬ್ಬರಿಗೆ ಎಷ್ಟು ರೋಗಿಗಳು?

ಸಂಬಳದಷ್ಟೇ ತಳಪಾಯದ ವಿಷಯ ಇದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ನೋಡಿ ಲಿಂಡಾ ಐಕೆನ್ ಅವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನ ತುಂಬಾ ಹೆಸರುವಾಸಿ. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಕೆಲಸದ ಅತೃಪ್ತಿಯ ಸಂಭವ ಶೇ 15ರಷ್ಟು, ಬಳಲಿ ಬೆಂಡಾಗುವ ಸಂಭವ ಶೇ 23ರಷ್ಟು ಏರಿತ್ತು. ಆಪರೇಷನ್ ಆದ ರೋಗಿಗಳು 30 ದಿನದೊಳಗೆ ಸಾಯುವ ಸಂಭವವೂ ಶೇ 7ರಷ್ಟು ಹೆಚ್ಚಿತ್ತು. ನರ್ಸ್‌ಗಳ ಅತೃಪ್ತಿ ಬರೀ ನರ್ಸ್‌ಗಳ ತಲೆನೋವಲ್ಲ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಕ್ಯಾಲಿಫೋರ್ನಿಯಾ ಇದಕ್ಕೆ ಕಾನೂನನ್ನೇ ಮಾಡಿದೆ. ಅಲ್ಲಿ ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸ್‌ಗೆ 5 ರೋಗಿಗಿಂತ ಹೆಚ್ಚು ಕೊಡುವಂತಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡವೂ ಕಡಿಮೆಯಿಲ್ಲ: ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗೆ ಒಬ್ಬರು. ಕಾಗದದಲ್ಲಿ ಎಲ್ಲ ಸರಿಯಿದೆ. ಜಿಲ್ಲಾ ಆಸ್ಪತ್ರೆಯ ವಾರ್ಡಿಗೆ ರಾತ್ರಿ ಹೋಗಿ ನೋಡಿದವರಿಗೆ ಉಳಿದದ್ದು ಹೇಳಬೇಕಾಗಿಲ್ಲ. ಇಪ್ಪತ್ತೈದು ರೋಗಿಗಳನ್ನು ಒಬ್ಬರ ಕೈಗಿಟ್ಟು 'ನಿಮ್ಮದೇ ನಿರ್ಧಾರ, ನೀವೇ ನೋಡಿಕೊಳ್ಳಿ' ಅಂದರೆ ಅದು ಸಬಲೀಕರಣ ಅಲ್ಲ, ಕೈಬಿಟ್ಟದ್ದು.

ಮಾಡಿ ತೋರಿಸಿದವರು

1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನರ್ಸ್‌ಗಳ ಬರ ಬಂದಿತ್ತು. ಎಲ್ಲ ಕಡೆ ಜನ ಬಿಟ್ಟು ಹೋಗುತ್ತಿದ್ದಾಗ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ಉಳಿದುಕೊಂಡಿದ್ದರು. ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ ಹುಡುಕಿ, 1983ರಲ್ಲಿ ಇಂಥ 41 ಆಸ್ಪತ್ರೆಗಳನ್ನು ಗುರುತಿಸಿತು. ಅಯಸ್ಕಾಂತದ ಹಾಗೆ ನರ್ಸ್‌ಗಳನ್ನು ಹಿಡಿದಿಡುತ್ತವೆ ಅಂತ ಅವಕ್ಕೆ 'ಮ್ಯಾಗ್ನೆಟ್' ಆಸ್ಪತ್ರೆ ಅನ್ನುವ ಹೆಸರು ಬಂತು. ಅಲ್ಲಿ ಕಂಡದ್ದು ಮಾಯಮಂತ್ರವಲ್ಲ. ತೀರ್ಮಾನಗಳು ವಾರ್ಡ್ ಮಟ್ಟದಲ್ಲೇ ಆಗುತ್ತಿದ್ದವು. ನರ್ಸಿಂಗ್ ಮುಖ್ಯಸ್ಥರಿಗೆ ಆಡಳಿತದಲ್ಲಿ ಗಟ್ಟಿ ದನಿ ಇತ್ತು. ಡ್ಯೂಟಿ ಪಟ್ಟಿಯಲ್ಲಿ ಹೊಂದಾಣಿಕೆ ಇತ್ತು. ಸಾಕಷ್ಟು ಜನವೂ ಇದ್ದರು. ಮುಂದೆ ಇದು ಮಾನ್ಯತೆ ಕೊಡುವ ಕಾರ್ಯಕ್ರಮವಾಯಿತು. 1994ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಮೊದಲ ಮಾನ್ಯತೆ ಸಿಕ್ಕಿತು.

ನಮ್ಮ ಹಳ್ಳಿಗಳಲ್ಲೂ ಇದಕ್ಕೆ ಹತ್ತಿರದ ಒಂದು ಉದಾಹರಣೆಯಿದೆ, ಪೂರ್ತಿ ಸಿಹಿಯೇನಲ್ಲ. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಬಂದ ಮೇಲೆ ಆರೋಗ್ಯ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ಕರ್ನಾಟಕದಲ್ಲೂ ಈ ಹುದ್ದೆಗೆ ಬಂದವರು ನರ್ಸಿಂಗ್ ಓದಿದವರೇ. ಬಿಪಿ, ಶುಗರ್ ತಪಾಸಣೆ ಮಾಡುವುದು, ನಿಗದಿಯಾದ ಔಷಧ ಕೊಡುವುದು, ಯಾರನ್ನು ಪಿಎಚ್‌ಸಿಗೆ ಕಳಿಸಬೇಕು ಅಂತ ನೋಡುವುದು ಅವರ ಕೆಲಸ. ಪಕ್ಕದಲ್ಲಿ ಡಾಕ್ಟರ್ ಇರುವುದಿಲ್ಲ, ಬೇಕಾದರೆ ಫೋನಿನಲ್ಲೋ ವಿಡಿಯೊದಲ್ಲೋ ಕೇಳಬಹುದು. ವಾರ್ಡಿನ ನರ್ಸ್‌ಗೆ ಸಿಗದ ಸ್ವಂತ ನಿರ್ಧಾರ ಇಲ್ಲಿದೆ. ತನ್ನಿಂದ ಊರಿನಲ್ಲಿ ಏನು ಬದಲಾಯಿತು ಅಂತ ಕಣ್ಣಿಗೆ ಕಾಣುತ್ತದೆ. ಆದರೆ ಕೆಲಸ ಗುತ್ತಿಗೆಯದು. ಕೊನೆಯ ಎರಡು ಭಾವನೆ ಸಿಕ್ಕಿದ ಕಡೆ ತಳಪಾಯ ಅಲುಗಾಡುತ್ತಿದೆ.

ಅಂಕಿ ಓದುವಾಗ ಎಚ್ಚರ

ಸಬಲೀಕರಣ ಜಾಸ್ತಿ ಇರುವ ಕಡೆ ತೃಪ್ತಿಯೂ ಜಾಸ್ತಿ ಅನ್ನುವುದು ಗಟ್ಟಿ ಫಲಿತಾಂಶ. ಹಲವು ವೃತ್ತಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2011ರ ದೊಡ್ಡ ವಿಶ್ಲೇಷಣೆಯಲ್ಲೂ ಅದೇ ಕಂಡಿತು. ಕೆಲಸ ಬಿಡುವ ಯೋಚನೆ ಕಡಿಮೆ ಅನ್ನುವುದೂ ಅದರಲ್ಲಿತ್ತು. ಆದರೆ ಇಂಥ ಅಧ್ಯಯನಗಳಲ್ಲಿ ಬಹುಪಾಲು ಒಂದೇ ದಿನ, ಒಂದೇ ಫಾರಂನಲ್ಲಿ ಎರಡನ್ನೂ ಕೇಳುತ್ತವೆ. ಸಬಲೀಕರಣದಿಂದ ತೃಪ್ತಿ ಬಂತೋ, ಖುಷಿಯಾಗಿರುವವರಿಗೆ ಎಲ್ಲವೂ ಚೆನ್ನಾಗಿ ಕಂಡಿತೋ ಅಂತ ಅದರಿಂದ ಹೇಳಲು ಬರುವುದಿಲ್ಲ. ಫಾರಂ ಹಂಚಿದವರು ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದರೆ ಉತ್ತರ ಎಷ್ಟು ನಿಜ ಅನ್ನುವುದೂ ಒಂದು ಪ್ರಶ್ನೆ. ಕೆಲಸ ಬಿಟ್ಟು ಹೋದವರನ್ನಂತೂ ಇಲ್ಲಿ ಕೇಳುವುದೇ ಇಲ್ಲ.

ಸರಾಸರಿಯಲ್ಲೂ ಒಂದು ಮೋಸವಿದೆ. ಒಂದು ಆಸ್ಪತ್ರೆಯಲ್ಲಿ ಅರ್ಥಕ್ಕೆ 7, ಸಾಮರ್ಥ್ಯಕ್ಕೆ 6.5, ಸ್ವಂತ ನಿರ್ಧಾರಕ್ಕೆ 4.5, ಪರಿಣಾಮಕ್ಕೆ 4 ಅಂಕ ಬಂದರೆ ಸರಾಸರಿ 5.5 ಆಗುತ್ತದೆ. ಏಳಕ್ಕೆ ಐದೂವರೆ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಅದನ್ನು ಎತ್ತಿ ಹಿಡಿದಿರುವುದು ನರ್ಸ್‌ಗಳು ತಾವೇ ತಂದ ಮೊದಲ ಎರಡು ಅಂಕ. ಆಸ್ಪತ್ರೆಯ ಕೈಯಲ್ಲಿರುವ ಎರಡೂ ಕೆಳಗಿವೆ. ಹಾಗಾಗಿ ಯಾವುದೇ ಆಸ್ಪತ್ರೆ ತನ್ನ ನರ್ಸ್‌ಗಳ ಸಬಲೀಕರಣದ ಸರಾಸರಿ ಅಂಕ ಮುಂದಿಟ್ಟರೆ, ನಾಲ್ಕನ್ನೂ ಬೇರೆ ಬೇರೆಯಾಗಿ ತೋರಿಸಿ ಅಂತ ಕೇಳಬೇಕು.